ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ: ‘ಜ್ವರಕ್ಕೆ ಮೊದಲು ಗಂಟಲು ನೋವಿತ್ತಾ?’

ಮಾನ್ಯ ಆರೋಗ್ಯ ಸಚಿವರಿಗೆ,

ನಮಸ್ಕಾರ. ನಾನು ಬೆಂಗಳೂರಿನ ವಿಜಯನಗರದವಳು. ಅಕ್ಕನ ಮಗ ನಮ್ಮ ಮನೆಯಲ್ಲಿದ್ದುಕೊಂಡು ಇಂಜಿನಿಯರಿಂಗ್ ಓದುತ್ತಿದ್ದಾನೆ. ಅವನಿಗೆ 19 ವರ್ಷ. ಕಳೆದ ಮಳೆಗಾಲದಲ್ಲಿ ಗಂಟಲು ನೋವು ಬಂತು. ಈ ಊರಲ್ಲಿ ಮಳೆ ಹಿಡಿದರೆ ಯಾರ ಮನೆಯಲ್ಲಿ ಗಂಟಲು ನೋವು ಇರಲ್ಲ ಹೇಳಿ? ಉಪ್ಪು ನೀರು ಮುಕ್ಕಳಿಸು ಅಂದೆ. ಅವನು ಡಾಕ್ಟರ ಚೀಟಿ ಇಲ್ಲದೆಯೇ ಮೆಡಿಕಲ್ ಶಾಪಿನಿಂದ ಅಜಿಥ್ರೋಮೈಸಿನ್ ಅನ್ನೋ ಆ್ಯಂಟಿಬಯೋಟಿಕ್ ತಂದು ಮೂರು ದಿನ ನುಂಗಿದ. ಗಂಟಲು ಸ್ವಲ್ಪ ಹಗುರವಾಯಿತು.

ಐದನೇ ದಿನ ಚಳಿಜ್ವರ ಬಂತು. ಎರಡು ರಗ್ಗು ಹೊದಿಸಿದರೂ ಮಂಚ ಅಲುಗಾಡುವಷ್ಟು ನಡುಗುತ್ತಿದ್ದ. ಎಡಗಡೆ ಕತ್ತು ನೋವು ಅಂದ. ಮಲಗುವಾಗ ಉಳುಕಿರಬೇಕು ಅಂದುಕೊಂಡು, ಬಟ್ಟೆಯಲ್ಲಿ ಕಲ್ಲುಪ್ಪು ಕಟ್ಟಿ, ಕಾವಲಿ ಮೇಲೆ ಬಿಸಿ ಮಾಡಿ ಶಾಖ ಕೊಟ್ಟೆ. ದವಡೆಯ ಕೆಳಗಿನಿಂದ ಅಂಗಿಯ ಕಾಲರ್ ತನಕ ಹಗ್ಗದ ಹಾಗೆ ಗಟ್ಟಿಯಾಗಿ ಕೈಗೆ ಸಿಗುತ್ತಿತ್ತು. ಅದೇ ಜಾಗದಲ್ಲಿ, ಒಳಗೆ, ರಕ್ತ ಹೆಪ್ಪುಗಟ್ಟಿತ್ತು. ನನಗೇನು ಗೊತ್ತು?

ಹತ್ತಿರದ ಒಂದು ಆಸ್ಪತ್ರೆಗೆ ಸೇರಿಸಿದೆವು. ಪ್ಲೇಟ್‌ಲೆಟ್ 42 ಸಾವಿರಕ್ಕೆ ಇಳಿದಿತ್ತು. ಡೆಂಗಿ ಅಂದರು. ಡೆಂಗಿ ಟೆಸ್ಟ್ ನೆಗೆಟಿವ್ ಬಂದಾಗ, ಒಮ್ಮೊಮ್ಮೆ ಹಾಗೂ ಬರುತ್ತೆ ಅಂದರು. ಡ್ರಿಪ್ ನಡೆಯಿತು. ನಾವು ಪಪ್ಪಾಯಿ ಎಲೆ, ಕಿವಿ ಹಣ್ಣು ಅಂತ ಓಡಾಡಿದೆವು. ಮೂರನೇ ದಿನ ಎದೆ ಚುಚ್ಚುತ್ತಿದೆ ಚಿಕ್ಕಮ್ಮ, ಉಸಿರು ಎಳೆಯೋಕೆ ಆಗ್ತಿಲ್ಲ ಅಂದ.

ಅಲ್ಲಿಂದ ದೊಡ್ಡ ಆಸ್ಪತ್ರೆಗೆ ಹೋದೆವು. ರಾತ್ರಿ ಡ್ಯೂಟಿಯಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಫೈಲ್ ಪಕ್ಕಕ್ಕಿಟ್ಟು ಕೇಳಿದರು: ‘ಜ್ವರಕ್ಕೆ ಮೊದಲು ಗಂಟಲು ನೋವಿತ್ತಾ?’ ಆಮೇಲೆ ಎರಡು ಬೆರಳಲ್ಲಿ ಕತ್ತು ಮುಟ್ಟಿದರು. ಹುಡುಗ ಚೀರಿದ. ಅದೇ ರಾತ್ರಿ ಕತ್ತಿಗೆ ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನ್, ಬೆಳಗಿನ ಜಾವಕ್ಕೆ ಎದೆಯ ಸಿಟಿ ಸ್ಕ್ಯಾನ್ ಆಯಿತು. ಕತ್ತಿನ ದೊಡ್ಡ ರಕ್ತನಾಳ ಮುಚ್ಚಿಹೋಗಿತ್ತು. ಶ್ವಾಸಕೋಶದಲ್ಲಿ ಅಲ್ಲಲ್ಲಿ ಕೀವು ತುಂಬಿದ ಗಂಟುಗಳಿದ್ದವು.

ಇದಕ್ಕೆ ಲೆಮಿಯೇರ್ ಸಿಂಡ್ರೋಮ್ ಅನ್ನುತ್ತಾರೆ. ಗಂಟಲಿನ ಸೋಂಕು ಪಕ್ಕದಲ್ಲೇ ಇರುವ, ಜುಗುಲರ್ ಎಂಬ ಕತ್ತಿನ ಆ ದೊಡ್ಡ ರಕ್ತನಾಳಕ್ಕೆ ಇಳಿಯುತ್ತದೆ. ಅಲ್ಲಿ ಹೆಪ್ಪುಗಟ್ಟಿದ ರಕ್ತ ಚೂರು ಚೂರಾಗಿ ಸೋಂಕಿನ ಸಮೇತ ಶ್ವಾಸಕೋಶಕ್ಕೆ, ಕೆಲವರಿಗೆ ಕೀಲುಗಳಿಗೆ ಹೋಗುತ್ತದೆ. ಫ್ರಾನ್ಸಿನ ಆಂದ್ರೆ ಲೆಮಿಯೇರ್ ಎಂಬ ವೈದ್ಯರು 1936ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಇಂಥ 20 ರೋಗಿಗಳ ಬಗ್ಗೆ ಬರೆದರು. ಅವರಲ್ಲಿ 18 ಜನ ತೀರಿಕೊಂಡಿದ್ದರು. ಪೆನಿಸಿಲಿನ್ ಬಂದಮೇಲೆ ಕಾಯಿಲೆ ಎಷ್ಟು ಕಮ್ಮಿಯಾಯಿತೆಂದರೆ ವೈದ್ಯರೇ ಇದನ್ನು ಮರೆತುಹೋದ ಕಾಯಿಲೆ ಅಂತ ಕರೆದರು.

ಅಪರೂಪದ ಕಾಯಿಲೆ, ಒಪ್ಪುತ್ತೇನೆ. ಡೆನ್ಮಾರ್ಕ್‌ನಲ್ಲಿ 1998ರಿಂದ 2001ರವರೆಗೆ ಎಣಿಸಿದಾಗ ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ 3.6 ಮಂದಿಗೆ ಬಂದಿತ್ತು. 15ರಿಂದ 24 ವರ್ಷದವರನ್ನು ಮಾತ್ರ ತೆಗೆದುಕೊಂಡರೆ 14.4. ನಮ್ಮ ಬೆಂಗಳೂರಿನ ಪಿಜಿಗಳಲ್ಲಿ, ಹಾಸ್ಟೆಲ್‌ಗಳಲ್ಲಿ ತುಂಬಿರುವುದು ಇದೇ ವಯಸ್ಸಿನವರು ಅಲ್ವಾ? ಜ್ವರ ಬಂದರೆ ಕತ್ತು ಮುಟ್ಟಿ ನೋಡೋಕೆ ಅವರ ಪಕ್ಕದಲ್ಲಿ ಅಮ್ಮನೂ ಇರಲ್ಲ.

ಈ ಕಾಯಿಲೆ ತರುವ ಮುಖ್ಯ ಬ್ಯಾಕ್ಟೀರಿಯಾದ ಹೆಸರು ಫ್ಯೂಸೋಬ್ಯಾಕ್ಟೀರಿಯಂ ನೆಕ್ರೋಫೋರಮ್. ನಮ್ಮ ಹುಡುಗ ನುಂಗಿದ ಅಜಿಥ್ರೋಮೈಸಿನ್‌ಗೆ ಇದು ಸಾಮಾನ್ಯವಾಗಿ ಬಗ್ಗುವುದಿಲ್ಲ. ರಕ್ತಕ್ಕೆ ನಂಜೇರಿದಾಗ ಪ್ಲೇಟ್‌ಲೆಟ್ ಇಳಿಯುತ್ತದೆ, ಮಳೆಗಾಲದಲ್ಲಿ ಎಲ್ಲರಿಗೂ ಡೆಂಗಿಯೇ ಕಾಣುತ್ತದೆ. ಮೊದಲ ಆಸ್ಪತ್ರೆಯವರ ಮೇಲೆ ನನಗೆ ಸಿಟ್ಟಿಲ್ಲ. ಆ ವಾರ್ಡ್ ತುಂಬಾ ಡೆಂಗಿ ರೋಗಿಗಳೇ ಇದ್ದರು. ಆದರೆ ಆ ಮೂರು ದಿನ ನಮ್ಮ ಮಗುವನ್ನು ಕಳೆದುಕೊಳ್ಳುವ ಹಾಗಿತ್ತು.

ಇನ್ನೊಂದು ತೊಡಕು ರಕ್ತದ ಕಲ್ಚರ್‌ನದು, ಅಂದರೆ ರಕ್ತವನ್ನು ಬಾಟಲಿಗೆ ಹಾಕಿ ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದಾ ಅಂತ ನೋಡುವ ಪರೀಕ್ಷೆಯದು. ಈ ಬ್ಯಾಕ್ಟೀರಿಯಾ ಆಮ್ಲಜನಕ ಇಲ್ಲದ ಕಡೆ ಮಾತ್ರ ಬೆಳೆಯುತ್ತದೆ. ಹಾಗಾಗಿ ಅದಕ್ಕೆಂದೇ ಇರುವ ಅನೇರೋಬಿಕ್ ಬಾಟಲಿಗೂ ರಕ್ತ ಹಾಕಬೇಕು. ನಮ್ಮ ಹುಡುಗನ ರಿಪೋರ್ಟ್ ಬಂದಿದ್ದು ನಾಲ್ಕು ದಿನದ ಮೇಲೆ. ಡಾಕ್ಟರಮ್ಮ ಅದಕ್ಕೆ ಕಾಯದೆ ಮೊದಲ ರಾತ್ರಿಯೇ ಮೆಟ್ರೊನಿಡಜೋಲ್ ಸೇರಿಸಿ ಆ್ಯಂಟಿಬಯೋಟಿಕ್ ಶುರು ಮಾಡಿದ್ದರಿಂದ ಅವನು ಉಳಿದ. ಒಟ್ಟು ಆರು ವಾರ ಔಷಧಿ ನಡೆಯಿತು.

ಗಂಟಲು ನೋವು ಬಂದವರಿಗೆಲ್ಲ ಸ್ಕ್ಯಾನ್ ಮಾಡಿಸಿ ಅಂತ ನಾನು ಕೇಳುತ್ತಿಲ್ಲ. ಹೆಚ್ಚಿನವು ವೈರಸ್‌ನಿಂದ ಬಂದು ತಾವೇ ಹೋಗುತ್ತವೆ. 2024ರಲ್ಲಿ ಸರ್ಕಾರ ಡೆಂಗಿ ಟೆಸ್ಟ್‌ಗೆ ದರ ಮಿತಿ ಹಾಕಿತು, ನಮ್ಮಂಥವರಿಗೆ ತುಂಬಾ ಅನುಕೂಲವಾಯಿತು. ಅದೇ ಕಾಳಜಿಯಿಂದ ಇದನ್ನೂ ನೋಡಿ. ಜ್ವರದ ರೋಗಿಯ ಚೀಟಿಯಲ್ಲಿ ಆ ಡಾಕ್ಟರಮ್ಮನ ಪ್ರಶ್ನೆಯನ್ನು ಸೇರಿಸಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಅನೇರೋಬಿಕ್ ಬಾಟಲಿ ಮತ್ತು ಡಾಪ್ಲರ್ ರಾತ್ರಿಯೂ ಸಿಗುವ ಹಾಗೆ ಮಾಡಿ. ಚೀಟಿ ಇಲ್ಲದೆ ಆ್ಯಂಟಿಬಯೋಟಿಕ್ ಮಾರುವುದನ್ನು ನಿಲ್ಲಿಸಿ.

‘ನಮ್ಮ ಕ್ಲಿನಿಕ್’ಗಳ ಗೋಡೆಯಲ್ಲಿ ಡೆಂಗಿ ಪೋಸ್ಟರ್ ಪಕ್ಕ ಹಾಕಲು ನಾನೇ ಬರೆದುಕೊಡುತ್ತೇನೆ, ನಿಮ್ಮ ವೈದ್ಯರು ತಿದ್ದಲಿ:

‘ಗಂಟಲು ನೋವು ಬಂದು ವಾರದೊಳಗೆ ನಡುಕದ ಜ್ವರ ಬಂದಿದೆಯಾ? ಕತ್ತಿನ ಒಂದೇ ಕಡೆ ನೋವು, ಊತ ಇದೆಯಾ? ಉಸಿರಾಡಿದರೆ ಎದೆ ಚುಚ್ಚುತ್ತದೆಯಾ? ಶಾಖ ಕೊಡಬೇಡಿ, ತಿಕ್ಕಬೇಡಿ. ಇವತ್ತೇ ದೊಡ್ಡ ಆಸ್ಪತ್ರೆಗೆ ಹೋಗಿ. ಮೊದಲು ಗಂಟಲು ನೋವಿತ್ತು ಅಂತ ಡಾಕ್ಟರಿಗೆ ಹೇಳಿ.’

ಇಂತಿ,
ವಿಜಯನಗರದ ಒಬ್ಬ ಚಿಕ್ಕಮ್ಮ