ಬ್ಯಾಟ್ಲಿಯಿಂದ ಅಪ್ಪಾಜಿಗೆ

ಬ್ಯಾಟ್ಲಿ, ಯಾರ್ಕ್‌ಷೈರ್
ಜೂನ್ 2024

ಅಪ್ಪಾಜಿಗೆ, ಅಮ್ಮನಿಗೆ ಸಾಷ್ಟಾಂಗ ನಮಸ್ಕಾರಗಳು. ನಾನು ಕ್ಷೇಮ. ಶೇಂಗಾ ಚಟ್ನಿಪುಡಿ ತಳ ಕಂಡಿದೆ ಅಂತ ಅಮ್ಮನಿಗೆ ಹೇಳಿ.

ಫೋನಿನಲ್ಲಿ ಅರ್ಧಕ್ಕೇ ನಿಂತ ಮಾತು ಇದು. ಭಾನುವಾರ ಜೊತೆಗೆ ಕೆಲಸ ಮಾಡುವವನೊಬ್ಬ ರಗ್ಬಿ ಲೀಗ್ ಆಟಕ್ಕೆ ಕರೆದುಕೊಂಡು ಹೋಗಿದ್ದ. ಬ್ಯಾಟ್ಲಿ ಬುಲ್‌ಡಾಗ್ಸ್ ನಮ್ಮೂರ ತಂಡ. (ನಮ್ಮೂರು ಅಂದುಬಿಟ್ಟೆ ನೋಡಿ, ಎರಡೇ ವರ್ಷಕ್ಕೆ!) ಮೌಂಟ್ ಪ್ಲೆಸೆಂಟ್ ಅನ್ನೋ ಗುಡ್ಡದ ಮೇಲೆ ಮೈದಾನ, ಅದೂ ಇಳಿಜಾರು. ಅರ್ಧ ಆಟ ಆದಮೇಲೆ ಕಡೆ ಬದಲಾಯಿಸುತ್ತಾರೆ, ಹಾಗಾಗಿ ಏರು ಹತ್ತುವ ಕಷ್ಟ ಇಬ್ಬರಿಗೂ ಇದ್ದದ್ದೇ.

ಒಂದೊಂದು ಕಡೆ 13 ಜನ. ಚೆಂಡು ಅವಚಿಕೊಂಡು ನುಗ್ಗಬೇಕು. ಹಿಡಿದು ಕೆಡವಿದರೆ ಎದ್ದು, ಚೆಂಡನ್ನು ಕಾಲಿನಿಂದ ಹಿಂದಕ್ಕೆ ಉರುಳಿಸಿ ಮತ್ತೆ ನುಗ್ಗಬೇಕು. ಆರು ಸಲ ಕೆಡವಿಸಿಕೊಂಡರೆ ಚೆಂಡು ಎದುರಾಳಿಗೆ. ನೀವಾಗಿದ್ದರೆ ಇದು ಕಬಡ್ಡಿಯೇ, ಉಸಿರು ಕಟ್ಟುವುದೊಂದಿಲ್ಲ ಅಂತಿದ್ದಿರಿ.

ಇದು ಎರಡನೇ ದರ್ಜೆ, ಚಾಂಪಿಯನ್‌ಶಿಪ್ ಅಂತಾರೆ. ಈ ವರ್ಷ 14 ತಂಡ. ಪಕ್ಕದ ಡ್ಯೂಸ್‌ಬರಿ, ಹ್ಯಾಲಿಫ್ಯಾಕ್ಸ್, ಬ್ರ್ಯಾಡ್‌ಫರ್ಡ್ ಎಲ್ಲಾ ದಾವಣಗೆರೆ ಥರ ಮಿಲ್ಲಿನ ಊರುಗಳೇ, ಹತ್ತಿಯ ಬದಲು ಉಣ್ಣೆ. ಫೆದರ್‌ಸ್ಟೋನ್ ಮಾತ್ರ ಕಲ್ಲಿದ್ದಲಿನದು. ಇವುಗಳ ನಡುವೆ ಫ್ರಾನ್ಸಿನ ಟುಲೂಸ್ ಕೂಡ ಇದೆ! ಹಳೇ ಉಣ್ಣೆಬಟ್ಟೆ ಚಿಂದಿ ಮಾಡಿ ಮತ್ತೆ ನೂಲು ತೆಗೆಯುವ ಕಸುಬು ಬ್ಯಾಟ್ಲಿಯಲ್ಲೇ ಹುಟ್ಟಿದ್ದಂತೆ. 1897ರಲ್ಲಿ ಈ ಆಟದ ಮೊಟ್ಟಮೊದಲ ಚಾಲೆಂಜ್ ಕಪ್ ಪಂದ್ಯಾವಳಿ ಗೆದ್ದದ್ದೂ ಇದೇ ಪುಟ್ಟ ಊರು.

ನಿಮಗೆ ಹೇಳಬೇಕಿದ್ದದ್ದು ಬೇರೆ. ಆಗ ಶನಿವಾರವೂ ಮಿಲ್ಲು ಇರುತ್ತಿತ್ತು. ಆಟಕ್ಕೆ ಹೋದವನಿಗೆ ಆ ಹೊತ್ತಿನ ಕೂಲಿ ಖೋತಾ. ಅದನ್ನು ಕ್ಲಬ್ಬು ತುಂಬಿಕೊಡಲಿ ಅಂದರೆ ರಗ್ಬಿಯ ದೊಡ್ಡಮನುಷ್ಯರು ಒಪ್ಪಲಿಲ್ಲ, ಕಾಸು ಮುಟ್ಟಿದವನು ಆಟಗಾರನೇ ಅಲ್ಲ ಅಂದರು. 1895ರಲ್ಲಿ ಉತ್ತರದ ಕ್ಲಬ್ಬುಗಳು ಹಡರ್ಸ್‌ಫೀಲ್ಡಿನ ಜಾರ್ಜ್ ಹೋಟೆಲಿನಲ್ಲಿ ಸೇರಿ ಬೇರೆಯಾದವು, ಈ ರಗ್ಬಿ ಲೀಗ್ ಹುಟ್ಟಿದ್ದು ಹಾಗೆ. ತಪ್ಪಿದ ಕೂಲಿಗೆ ದಿನಕ್ಕೆ 6 ಶಿಲಿಂಗ್ ಮೀರದಂತೆ ಕೊಟ್ಟರು. ಈಗಲೂ ಈ ದರ್ಜೆಯಲ್ಲಿ ಬಹಳಷ್ಟು ಜನ ವಾರವೆಲ್ಲ ಬೇರೆ ಕೆಲಸ ಮಾಡಿಕೊಂಡೇ ಆಡುವವರು.

ಕಬಡ್ಡಿ ಪಂದ್ಯಾವಳಿಗೆ ಹೋದಿರೆಂದು ಮಿಲ್ಲಿನವರು ನಿಮ್ಮ ಮೂರು ದಿನದ ಪಗಾರ ಹಿಡಿದದ್ದನ್ನು ಆಟಕ್ಕೆ ಕರೆದುಕೊಂಡು ಹೋದವನಿಗೆ ಹೇಳಿದೆ. ಬಿಸಿ ಬಟಾಣಿ ಸುರಿದ ಪೈ ತಿನ್ನುತ್ತಿದ್ದವನು ಕೈ ತಡೆದು, "ನಿಮ್ಮಪ್ಪ ಯಾವ ಜಾಗದಲ್ಲಿ ಆಡ್ತಿದ್ದರು?" ಅಂದ. ನನಗೆ ಗೊತ್ತಿರಲಿಲ್ಲ ಅಪ್ಪಾಜಿ. ಎಡ ಮೂಲೆಯೋ, ಬಲ ಮೂಲೆಯೋ? ಭಾನುವಾರ ಫೋನ್ ಮಾಡ್ತೀನಿ, ಹೇಳಿ.

ನಿಮ್ಮ ಮಗಳು