ಕರೆಂಟ್ ಹೋದ ರಾತ್ರಿ ಸುಮ್ಮನಿದ್ದ ಎಂಟು ಕ್ಯಾಮೆರಾಗಳ ಬಗ್ಗೆ ದೂರು

ದಿನಾಂಕ: 4 ಆಗಸ್ಟ್ 2025
ಸುಂಟಿಕೊಪ್ಪ, ಕೊಡಗು

ಇವರಿಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು,
ನಮ್ಮ ಅಂಗಡಿಗೆ ಎಐ ಕ್ಯಾಮೆರಾ ಹಾಕಿಕೊಟ್ಟ ಕಂಪನಿ,
ಬೆಂಗಳೂರು

ವಿಷಯ: ಕಳ್ಳತನದ ರಾತ್ರಿ ನಿಮ್ಮ ಕ್ಯಾಮೆರಾ ವ್ಯವಸ್ಥೆ ಕೆಲಸ ಮಾಡದೆ ಇದ್ದದ್ದು, ಅದಕ್ಕೂ ಮೊದಲು ನಮ್ಮ ಕೆಲಸದವರ ಮೇಲೆ ಸುಳ್ಳು ಅನುಮಾನ ಹೊರಿಸಿದ್ದು

ಮಾನ್ಯರೇ,

ನಿಮ್ಮ ಕಾಲ್ ಸೆಂಟರಿಗೆ ಈವರೆಗೆ ಒಂಬತ್ತು ಸಲ ಫೋನ್ ಮಾಡಿದ್ದೇನೆ. ಒಂಬತ್ತು ಸಲವೂ ಮೊದಲ ಪ್ರಶ್ನೆ ಒಂದೇ: "ಸರ್, ರೂಟರ್ ಆಫ್ ಮಾಡಿ ಆನ್ ಮಾಡಿದ್ರಾ?" ರೂಟರ್ ಆನ್ ಮಾಡಿದರೆ ಕದ್ದುಹೋದ ಮೆಣಸು ವಾಪಸ್ ಬರುವುದಿಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಮ್ಮದು ಮಡಿಕೇರಿ-ಕುಶಾಲನಗರ ರಸ್ತೆ ಬದಿಯ ಅಂಗಡಿ. ಕಾಫಿ ಪುಡಿ, ಕರಿಮೆಣಸು, ಏಲಕ್ಕಿ, ಜೇನು, ಕಾಚಂಪುಳಿ (ಅಡುಗೆಗೆ ಹಾಕುವ ನಮ್ಮ ಕಡೆಯ ಹುಳಿ ರಸ), ಮನೆಯಲ್ಲೇ ಮಾಡಿದ ಚಾಕೊಲೇಟ್ ಮಾರುತ್ತೇವೆ. ಅಂಗಡಿಯ ಹಿಂದೆ ಗೋದಾಮು, ಅದರಾಚೆ ಕಾಫಿ ಒಣಗಿಸುವ ಕಣ. ರೋಬಸ್ಟಾ ಕೊಯ್ಲು ಮುಗಿಯುವ ಹೊತ್ತಿಗೆ ಮೆಣಸು ಬರುತ್ತದೆ. ರೇಟು ಇನ್ನೂ ಏರಬಹುದು ಅಂತ ಒಂದಷ್ಟನ್ನು ಮಳೆಗಾಲದವರೆಗೂ ಇಟ್ಟುಕೊಳ್ಳುವುದು ನಮ್ಮ ಕಡೆ ಅಭ್ಯಾಸ. ಈ ಅಭ್ಯಾಸ ಕಳ್ಳರಿಗೂ ಚೆನ್ನಾಗಿ ಗೊತ್ತು.

ಕಳೆದ ನವೆಂಬರಿನಲ್ಲಿ ನಿಮ್ಮ ಸೇಲ್ಸ್ ಹುಡುಗ ಬಂದಿದ್ದರು. ಒಳ್ಳೆಯ ಹುಡುಗ, ನಮ್ಮಲ್ಲೇ ಕಾಫಿ ಕುಡಿದರು. ಲ್ಯಾಪ್‌ಟಾಪಿನಲ್ಲಿ ಯಾವುದೋ ಮಾಲಿನ ವಿಡಿಯೋ ತೋರಿಸಿದರು. ಒಬ್ಬ ಸಾಮಾನನ್ನು ಚೀಲಕ್ಕೆ ತುರುಕುತ್ತಾನೆ, ತಕ್ಷಣ ಅವನ ಸುತ್ತ ಕೆಂಪು ಚೌಕ. ನಾನು ಎರಡೇ ಪ್ರಶ್ನೆ ಕೇಳಿದೆ. ಮಳೆಗಾಲದಲ್ಲಿ ಇಲ್ಲಿ ಕರೆಂಟ್ ಗಂಟೆಗಟ್ಟಲೆ ಹೋಗುತ್ತದೆ, ಆಗ ಏನು? ಮಂಜು ಬಿದ್ದರೆ ಹತ್ತಡಿ ಆಚೆ ಕಾಣುವುದಿಲ್ಲ, ಆಗ ಏನು? "ಎಲ್ಲಾ ಎಐ ನೋಡ್ಕೊಳ್ಳುತ್ತೆ ಸರ್" ಎಂದರು. ಆ ಮಾತು ನಂಬಿ ಎಂಟು ಕ್ಯಾಮೆರಾ, ರೆಕಾರ್ಡರ್, ಒಂದು ಯುಪಿಎಸ್ ಸೇರಿ 1,18,000 ರೂಪಾಯಿ ಕೊಟ್ಟೆ. ಅದರ ಮೇಲೆ ಎಐ ಸೇವೆಗೆ ತಿಂಗಳಿಗೆ 2,400 ರೂಪಾಯಿ ಬೇರೆ.

ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಡಿಸೆಂಬರಿನಲ್ಲಿ ಒಬ್ಬರು ಪ್ರವಾಸಿ ಜೇನಿನ ಬಾಟಲಿಯನ್ನು ಜಾಕೆಟ್ ಒಳಗೆ ಇಟ್ಟುಕೊಂಡದ್ದನ್ನು ನಿಮ್ಮ ಕ್ಯಾಮೆರಾ ಸರಿಯಾಗಿಯೇ ಹಿಡಿಯಿತು. ಅವರು ದುಡ್ಡು ಕೊಟ್ಟು, ತಲೆ ತಗ್ಗಿಸಿ ಹೋದರು. ಅವತ್ತು ನಾನು ನಾಲ್ಕು ಜನರಿಗೆ ನಿಮ್ಮ ಕಂಪನಿಯ ನಂಬರ್ ಕೊಟ್ಟೆ. ಈಗ ಆ ನಾಲ್ಕು ಜನ ಎದುರು ಸಿಕ್ಕರೆ ನಾನೇ ತಲೆ ತಗ್ಗಿಸಬೇಕಾಗಿದೆ.

ಮಳೆ ಶುರುವಾದ ಮೇಲೆ ನೋಡಿ ಕಥೆ. ರಾತ್ರಿ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬಿಡುವ ಕ್ಯಾಮೆರಾದ ಸುತ್ತ ಹುಳ ಮುತ್ತುತ್ತವೆ. ಹುಳ ಹಿಡಿಯಲು ಜೇಡ ಲೆನ್ಸಿನ ಮುಂದೆಯೇ ಬಲೆ ಕಟ್ಟುತ್ತದೆ. ಗಾಳಿಗೆ ಬಲೆ ಅಲ್ಲಾಡಿದರೆ "ಅಪರಿಚಿತ ವ್ಯಕ್ತಿ" ಅಂತ ಫೋನ್ ಕಿರುಚುತ್ತದೆ. ಮಂಜು ಬಿದ್ದರೆ ಅದೇ ಬೆಳಕು ಮಂಜಿಗೆ ಬಡಿದು ವಾಪಸ್ ಬಂದು ಪರದೆ ಪೂರ್ತಿ ಬೆಳ್ಳಗಾಗುತ್ತದೆ. ಇನ್ನು ಮಂಗಗಳದ್ದು ಬೇರೆಯೇ ಪುರಾಣ. ಮಂಗ ಕಣದ ಗೋಡೆ ಹತ್ತಿದರೆ ನಿಮ್ಮ ಎಐಗೆ ಅದು ಮನುಷ್ಯ. ಒಂದೇ ರಾತ್ರಿ 47 ಅಲರ್ಟ್ ಬಂದ ದಾಖಲೆ ನನ್ನ ಫೋನಿನಲ್ಲಿದೆ.

ಎಂಜಿನಿಯರಿಂಗ್ ಓದುವ ತಂಗಿ ಮಗಳು ಇದನ್ನು ನೋಡಿ ನಕ್ಕಳು. "ಮಾವ, ಕಂಪ್ಯೂಟರಿಗೆ ಚಿತ್ರ ಗುರುತಿಸಲು ಕಲಿಸುವಾಗ ಕೊಕೊ ಅನ್ನೋ ಚಿತ್ರಸಂಗ್ರಹವನ್ನು ತುಂಬಾ ಕಡೆ ಬಳಸ್ತಾರೆ. ಅದರಲ್ಲಿ 80 ಬಗೆ ಇದೆ. ಆನೆ ಇದೆ, ನಾಯಿ ಇದೆ, ಜಿರಾಫೆ ಕೂಡ ಇದೆ. ಮಂಗ ಇಲ್ಲ" ಎಂದಳು. ನೀವು ಯಾವುದರಿಂದ ಕಲಿಸಿದ್ದೀರಿ ಅಂತ ನಾನು ಕೇಳುತ್ತಿಲ್ಲ. ಆದರೆ ಕೊಡಗಿನಲ್ಲಿ ಮಾರುವ ಮೊದಲು ಇಲ್ಲಿಯ ಒಂದು ಮಂಗವನ್ನಾದರೂ ಅದಕ್ಕೆ ತೋರಿಸಬಹುದಿತ್ತು, ಅಲ್ವಾ?

ಹುಲಿ ಬಂತು ಹುಲಿ ಅಂತ ದಿನಾ ಕೂಗಿದರೆ ಯಾರು ತಾನೆ ಏಳುತ್ತಾರೆ? ಜೂನ್ ಕೊನೆಗೆ ನಾನು ರಾತ್ರಿ ಆ ಆ್ಯಪಿನ ಸದ್ದು ಬಂದ್ ಮಾಡಿ ಮಲಗತೊಡಗಿದೆ. ಇದು ನನ್ನ ತಪ್ಪು ಅಂತ ನಿಮ್ಮವರು ಫೋನಿನಲ್ಲಿ ಹೇಳಿದರು. ಸದ್ದು ಬಂದ್ ಮಾಡುವ ಮೊದಲು ಸೆನ್ಸಿಟಿವಿಟಿ ಸರಿ ಮಾಡಿಕೊಡಿ ಅಂತ ಮೂರು ಸಲ ದೂರು ಕೊಟ್ಟಿದ್ದೆ. ಮೂರಕ್ಕೂ ಟಿಕೆಟ್ ನಂಬರ್ ಬಂತು, ಜನ ಬರಲಿಲ್ಲ.

ಮೆಣಸಿಗಿಂತ ಜಾಸ್ತಿ ನನ್ನನ್ನು ಕೊರೆಯುತ್ತಿರುವುದು ಇನ್ನೊಂದು ವಿಷಯ. ನಮ್ಮ ಅಂಗಡಿಯಲ್ಲಿ ಹನ್ನೊಂದು ವರ್ಷದಿಂದ ಒಬ್ಬರು ಕೆಲಸ ಮಾಡುತ್ತಿದ್ದಾರೆ. ನಾನು ಅವರನ್ನು ಅಕ್ಕ ಅನ್ನುತ್ತೇನೆ, ಅವರು ನನ್ನನ್ನು ಅಣ್ಣ ಅನ್ನುತ್ತಾರೆ. ವಯಸ್ಸಿನ ಲೆಕ್ಕ ಇದರಲ್ಲಿ ಇಲ್ಲ. ಜೂನಿನ ಚಳಿಗೆ ಅವರು ಸ್ವೆಟರ್ ಮೇಲೆ ಶಾಲು ಹೊದೆಯುತ್ತಾರೆ. ಪ್ಯಾಕೆಟ್ ಜೋಡಿಸುತ್ತಾ ಜೋಡಿಸುತ್ತಾ ನಡುವೆ ಕೈ ಬೆಚ್ಚಗೆ ಮಾಡಿಕೊಳ್ಳಲು ಶಾಲಿನ ಒಳಗೆ ಇಟ್ಟುಕೊಳ್ಳುತ್ತಾರೆ. ಶೆಲ್ಫಿನ ಮುಂದೆ ನಿಂತು ಕೈ ಬಟ್ಟೆಯೊಳಗೆ ಹೋದರೆ ನಿಮ್ಮ ಎಐ ಪ್ರಕಾರ ಅದು ಕಳ್ಳತನ. ಒಂದೇ ವಾರದಲ್ಲಿ ಆರು ಸಲ ಅವರ ಸುತ್ತ ಕೆಂಪು ಚೌಕ ಬಂತು. ಆಮೇಲೆ ಬೆಂಗಳೂರಿನಿಂದ ನಿಮ್ಮವರು ಫೋನ್ ಮಾಡಿ, "ಸರ್, ನಿಮ್ಮ ಸ್ಟಾಫ್ ಮಾಲು ತೆಗೀತಿದ್ದಾರೆ, ಚೆಕ್ ಮಾಡಿ" ಎಂದರು.

ನಾನು ಚೆಕ್ ಮಾಡಿದೆ. ಅದೇ ನಾನು ಮಾಡಿದ ತಪ್ಪು. ಅವರ ಎದುರಿಗೇ ಏಲಕ್ಕಿ ಪ್ಯಾಕೆಟ್ ಎಣಿಸಿದೆ. ಒಂದೂ ಕಡಿಮೆ ಇರಲಿಲ್ಲ. ಅವರಿಗೆ ಅರ್ಥವಾಯಿತು. "ಅಣ್ಣ, ನಾನು ಕದ್ದೆ ಅಂತ ಆ ಡಬ್ಬಿ ಹೇಳ್ತಾ?" ಎಂದು ಕೇಳಿದರು. ನನ್ನ ಬಾಯಿಂದ ಮಾತು ಹೊರಡಲಿಲ್ಲ. ನಾಲ್ಕು ದಿನ ಅವರು ಕೆಲಸಕ್ಕೆ ಬರಲಿಲ್ಲ. ಐದನೇ ದಿನ ನಾನೂ ನನ್ನ ಹೆಂಡತಿಯೂ ಅವರ ಮನೆಗೆ ಹೋಗಿ ಕರೆದುಕೊಂಡು ಬಂದೆವು. ಈಗಲೂ ಅವರು ಆ ಕ್ಯಾಮೆರಾದ ಕೆಳಗೆ ಎರಡೂ ಕೈ ಹೊರಗೆ ಇಟ್ಟುಕೊಂಡೇ ಓಡಾಡುತ್ತಾರೆ, ಎಷ್ಟೇ ಚಳಿ ಇರಲಿ.

ಇನ್ನು ಕಳ್ಳತನ. ಜುಲೈ 17ರ ರಾತ್ರಿ 10.20ಕ್ಕೆ ಕರೆಂಟ್ ಹೋಯಿತು. ನೀವು ಕೊಟ್ಟ ಯುಪಿಎಸ್ 35 ನಿಮಿಷ ನಡೆದು ನಿಂತಿತು. ಬೆಳಿಗ್ಗೆ 5.40ಕ್ಕೆ ಕರೆಂಟ್ ಬಂತು. ನಡುವೆ ಗೋದಾಮಿನ ಹಿಂಬಾಗಿಲಿನ ಚಿಲಕ ಕಿತ್ತು ಮೂರು ಮೂಟೆ ಮೆಣಸು ಒಯ್ದಿದ್ದಾರೆ. ಮೂಟೆಗೆ 50 ಕೆಜಿ. ಕೆಜಿಗೆ 650 ರೂಪಾಯಿ ಹಿಡಿದರೂ 97,500 ರೂಪಾಯಿ.

ಯುಪಿಎಸ್ ಒಳಗಿರುವುದು 12 ವೋಲ್ಟ್, 7 ಆಂಪಿಯರ್ ಅವರ್ ಬ್ಯಾಟರಿ. ಎಂಟು ಕ್ಯಾಮೆರಾ, ರೆಕಾರ್ಡರ್, ರೂಟರ್ ಎಲ್ಲ ಸೇರಿ ಸುಮಾರು 80 ವ್ಯಾಟ್ ಎಳೆಯುತ್ತವೆ. ಇಷ್ಟಕ್ಕೆ ಅದು ಮುಕ್ಕಾಲು ಗಂಟೆಯೂ ಬಾರದು ಅಂತ ನಮ್ಮೂರಿನ ವೈರಿಂಗ್ ಹುಡುಗ ಬೆರಳಲ್ಲೇ ಲೆಕ್ಕ ಹಾಕಿ ಹೇಳಿದ. ಮನೆಗಳಲ್ಲಿ ಇನ್ವರ್ಟರಿಗೆ ಇಡುವ 150 ಆಂಪಿಯರ್ ಅವರ್ ಬ್ಯಾಟರಿ ಕೊಟ್ಟಿದ್ದರೆ ಹತ್ತು ಗಂಟೆ ಆರಾಮಾಗಿ ನಡೆಯುತ್ತಿತ್ತಂತೆ. ಕರೆಂಟ್ ಬಗ್ಗೆ ನಾನು ಮೊದಲೇ ಕೇಳಿದ್ದೆ. ಈ ಲೆಕ್ಕ ನಿಮ್ಮವರಿಗೆ ಬರುವುದಿಲ್ಲವೇ?

ಬ್ಯಾಟರಿ ಮಾತು ಬಿಡಿ. ಎಂಟೂ ಕ್ಯಾಮೆರಾಗಳು ಒಟ್ಟಿಗೇ ಸಂಪರ್ಕ ಕಡಿದುಕೊಂಡವು. ಅದು ನಿಮ್ಮ ಸರ್ವರಿಗೆ ಆ ನಿಮಿಷವೇ ಗೊತ್ತಾಗಿದೆ, ಆ್ಯಪಿನಲ್ಲಿ "ಆಫ್‌ಲೈನ್ 10.55" ಅಂತ ಬರೆದೂ ಇದೆ. ಜೇಡರ ಬಲೆಗೆ 47 ಸಲ ಕೂಗಿದ ವ್ಯವಸ್ಥೆ ಇದಕ್ಕೆ ಒಂದು ಮೆಸೇಜೂ ಕಳಿಸಲಿಲ್ಲ. ಕೇಳಿದರೆ, ಆಫ್‌ಲೈನ್ ಅಲರ್ಟ್ ಸೆಟ್ಟಿಂಗ್ಸ್ ಒಳಗೆ ಇದೆ, ಗ್ರಾಹಕರೇ ಆನ್ ಮಾಡಿಕೊಳ್ಳಬೇಕು ಎಂದರು. ಸಂಪರ್ಕ ಕಡಿದರೆ ಫೋನ್ ಮಾಡುವಂತೆ ಇಟ್ಟಿದ್ದರೆ, ಆ್ಯಪಿನ ಸದ್ದು ಬಂದ್ ಇದ್ದರೂ ನಾನು ಏಳುತ್ತಿದ್ದೆ. ಮನೆಯಿಂದ ಗೋದಾಮಿಗೆ ಮುನ್ನೂರು ಹೆಜ್ಜೆ.

ಪೊಲೀಸ್ ದೂರು ಕೊಟ್ಟಿದ್ದೇವೆ. ಕರೆಂಟ್ ಹೋಗುವ ಮೊದಲು ಒಂದು ಪಿಕಪ್ ಎರಡು ಸಲ ಗೇಟಿನ ಮುಂದೆ ನಿಧಾನ ಮಾಡಿದ್ದನ್ನು ನಾನು ಮರುದಿನ ಆ್ಯಪಿನಲ್ಲಿ ನೋಡಿದ್ದೆ. ಆ ವಿಡಿಯೋವನ್ನು ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 63ನೇ ಕಲಂ ಪ್ರಕಾರದ ಪ್ರಮಾಣಪತ್ರದ ಜೊತೆ ಕೊಡಿ ಎಂದು ಪೊಲೀಸರು ಕೇಳಿದರು. ಅದರಲ್ಲಿ ಫೈಲಿನ ಹ್ಯಾಶ್ ಮೌಲ್ಯ, ಅಂದರೆ ಫೈಲಿನ ಬೆರಳಚ್ಚಿನಂಥ ಒಂದು ಸಂಕೇತ, ಇರಬೇಕು, ಆಮೇಲೆ ಯಾರೂ ತಿದ್ದಿಲ್ಲ ಅಂತ ತೋರಿಸಲು. ನಾನು 18ಕ್ಕೇ ನಿಮಗೆ ಮೇಲ್ ಮಾಡಿದೆ. ಉತ್ತರ ಬಂದದ್ದು 29ಕ್ಕೆ: ಏಳು ದಿನ ದಾಟಿದ ವಿಡಿಯೋ ತಾನಾಗಿ ಅಳಿಸಿಹೋಗುತ್ತದೆ ಅಂತ. ನನ್ನ ಬಿಲ್ಲಿನಲ್ಲಿ 30 ದಿನ ಅಂತ ಇದೆ. ಪ್ರತಿ ಲಗತ್ತಿಸಿದ್ದೇನೆ, ಅದರಲ್ಲಿ ಗೆರೆ ಎಳೆದದ್ದು ನಾನೇ.

ನನಗೆ ಬೇಕಾದದ್ದು ಇಷ್ಟು. ನಿಮ್ಮ ಸರ್ವರಿನಲ್ಲಿ ಆ ವಿಡಿಯೋದ ಬ್ಯಾಕಪ್ ಎಲ್ಲಾದರೂ ಉಳಿದಿದ್ದರೆ ಹುಡುಕಿ ಪ್ರಮಾಣಪತ್ರದ ಜೊತೆ ಕೊಡಿ. ಯುಪಿಎಸ್ ಬದಲು ಹತ್ತು ಗಂಟೆ ನಡೆಯುವ ಬ್ಯಾಟರಿ ನಿಮ್ಮ ಖರ್ಚಿನಲ್ಲೇ ಇಡಿಸಿ. ಆಫ್‌ಲೈನ್ ಆದರೆ ಫೋನ್ ಬರುವಂತೆ ಮಾಡಿ. ಜೂನ್, ಜುಲೈ ತಿಂಗಳ 4,800 ರೂಪಾಯಿ ವಾಪಸ್ ಕೊಡಿ, ಮೆಣಸಿನ ನಷ್ಟದ ಬಗ್ಗೆ ಕೂತು ಮಾತಾಡಿ. "ವಿದ್ಯುತ್ ವ್ಯತ್ಯಯಕ್ಕೆ ನಾವು ಹೊಣೆಯಲ್ಲ" ಅಂತ ಕರಾರಿನ ಕೊನೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಇರುವುದನ್ನು ನಾನೂ ಓದಿದ್ದೇನೆ, ಅದನ್ನು ಮತ್ತೆ ಓದಿ ಹೇಳುವುದು ಬೇಡ. ಅಂಗಡಿಯ ಒಳಗಿನ "ಅನುಮಾನಾಸ್ಪದ ನಡವಳಿಕೆ" ಅಲರ್ಟ್ ತೆಗೆದುಹಾಕಿ. ಜೊತೆಗೆ, ನಿಮ್ಮ ತಪ್ಪಿನಿಂದ ಅವರ ಮೇಲೆ ಅನುಮಾನ ಬಂತು ಅಂತ ಅಕ್ಕನಿಗೆ ಕನ್ನಡದಲ್ಲಿ ಒಂದು ಪತ್ರ ಬರೆದುಕೊಡಿ. ಇದನ್ನು ಮಾತ್ರ ನಾನು ಬಿಡುವುದಿಲ್ಲ.

ಹದಿನೈದು ದಿನ ಕಾಯುತ್ತೇನೆ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಹೇಳಿ, ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ಸೇವೆಯ ನ್ಯೂನತೆ ಅಂತ ಮಡಿಕೇರಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಅಂಗಡಿಯವರು ಗ್ರಾಹಕರಲ್ಲ ಅಂತ ನಿಮ್ಮ ವಕೀಲರು ಹೇಳಬಹುದು. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯುವವರೂ ಗ್ರಾಹಕರೇ ಎಂದು ಅದೇ ಕಾಯ್ದೆಯಲ್ಲಿದೆ. 5 ಲಕ್ಷದವರೆಗಿನ ದೂರಿಗೆ ಅಲ್ಲಿ ಶುಲ್ಕವೂ ಇಲ್ಲ.

ತಂತ್ರಜ್ಞರನ್ನು ಕಳಿಸುವುದಾದರೆ ಹಿಂದಿನ ದಿನ ಫೋನ್ ಮಾಡಿ. ಏಣಿ ನಮ್ಮಲ್ಲಿದೆ. ಕಣದ ಪಕ್ಕದ ಎರಡು ಕ್ಯಾಮೆರಾಗಳ ಹತ್ತಿರ ಹೋಗಲು ಹುಲ್ಲಿನಲ್ಲಿ ನಡೆಯಬೇಕು, ಈಗ ಜಿಗಣೆ ಜಾಸ್ತಿ. ಗಮ್‌ಬೂಟು ಹಾಕಿಕೊಂಡು ಬರಲು ಹೇಳಿ.

ಇಂತಿ,
ನಿಮ್ಮ ಗ್ರಾಹಕ
(ಸಹಿ)

ಲಗತ್ತು: ಬಿಲ್ಲಿನ ಪ್ರತಿ, ಮೂರು ದೂರಿನ ಟಿಕೆಟ್ ನಂಬರ್, 47 ಅಲರ್ಟಿನ ಸ್ಕ್ರೀನ್‌ಶಾಟ್, ಪೊಲೀಸ್ ದೂರಿನ ಪ್ರತಿ