ಕುಡುಗೋಲು ಕೆಳಗಿಟ್ಟವರಿಗೂ ಯಂತ್ರದಲ್ಲಿ ಪಾಲಿರಲಿ

ಮಾನ್ಯ ಸಂಪಾದಕರೇ,

2025ರ ಡಿಸೆಂಬರ್‌ನಲ್ಲಿ ಸಂಸತ್ತು ಅಂಗೀಕರಿಸಿದ ಹೊಸ ಗ್ರಾಮೀಣ ಉದ್ಯೋಗ ಕಾಯ್ದೆಯು ವರ್ಷಕ್ಕೆ 125 ದಿನಗಳ ಕೆಲಸದ ಭರವಸೆ ನೀಡುವುದರ ಜೊತೆಗೆ, ಬಿತ್ತನೆ ಮತ್ತು ಸುಗ್ಗಿಯ ಕಾಲದಲ್ಲಿ ಒಟ್ಟು 60 ದಿನಗಳವರೆಗೆ ಆ ಕೆಲಸವನ್ನು ನಿಲ್ಲಿಸುವುದಕ್ಕೂ ಅವಕಾಶ ಕಲ್ಪಿಸಿದೆ. ಹೊಲಗದ್ದೆಗಳಿಗೆ ಕೂಲಿಯಾಳುಗಳು ಸಿಗಲಿ ಎಂಬುದು ಅದಕ್ಕೆ ಕೊಟ್ಟ ಕಾರಣ. ಆದರೆ ತುಂಗಭದ್ರಾ ಎಡದಂಡೆ ನಾಲೆಯ ಗಂಗಾವತಿ, ಕಾರಟಗಿ, ಸಿಂಧನೂರು ಭಾಗದಲ್ಲಿ ಸುಗ್ಗಿಯ ಹೊತ್ತಿಗೆ ಗದ್ದೆಗೆ ಇಳಿಯುವುದು ಕಟಾವು ಯಂತ್ರಗಳೇ. ಅದೇ ದಿನಗಳಲ್ಲಿ ಸರ್ಕಾರಿ ಕೆಲಸವೂ ನಿಂತರೆ ಭೂಮಿಯಿಲ್ಲದ ಹೆಣ್ಣುಮಕ್ಕಳು ಯಾವ ಕೂಲಿಗೆ ಹೋಗಬೇಕು?

ನಾನು ನಾಲ್ಕು ಎಕರೆಯಲ್ಲಿ ಸೋನಾ ಮಸೂರಿ ಬೆಳೆಯುವವನು. ಯಂತ್ರವನ್ನು ನಾನೂ ಕರೆಸುತ್ತೇನೆ. ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿತವಾಗಿದೆ ಎಂಬ ಸುದ್ದಿ ಬಂದರೆ, ಮಾಗಿದ ಪೈರು ನೆಲಕ್ಕೆ ಒರಗುವ ಮುನ್ನ ಭತ್ತವನ್ನು ಚೀಲಕ್ಕೆ ತುಂಬುವ ಬೇರೆ ದಾರಿ ನನಗಿಲ್ಲ. ಹಸಿ ಗದ್ದೆಯಲ್ಲೂ ಓಡಾಡುವ ಚೈನ್ ಮಷಿನ್ ಕೆಲವೇ ತಾಸುಗಳಲ್ಲಿ ನನ್ನ ಇಡೀ ಬೆಳೆಯನ್ನು ಕೊಯ್ದು, ಕಾಳು ಬೇರ್ಪಡಿಸಿ, ಟ್ರಾಲಿಗೆ ಸುರಿದು ಹೋಗುತ್ತದೆ. ಆದ್ದರಿಂದ ಯಂತ್ರ ಬೇಡವೆಂದು ನಾನು ಹೇಳಲಾರೆ.

ಆದರೆ ಅದೇ ನಾಲ್ಕು ಎಕರೆಯನ್ನು ನನ್ನ ತಾಯಿಯ ಕಾಲದಲ್ಲಿ ನಮ್ಮೂರಿನ ಹದಿನೈದು ಇಪ್ಪತ್ತು ಹೆಣ್ಣುಮಕ್ಕಳು ಗುಂಪು ಕಟ್ಟಿಕೊಂಡು ಗುತ್ತಿಗೆ ಹಿಡಿಯುತ್ತಿದ್ದರು. ಕೊಯ್ಯುವುದು, ಸಿವುಡು ಕಟ್ಟುವುದು, ಬಣವೆ ಒಟ್ಟುವುದು, ಬಡಿಯುವುದು, ತೂರುವುದು ಎಲ್ಲವೂ ಅವರ ಕೈಯಲ್ಲೇ ಆಗುತ್ತಿತ್ತು. ಕೂಲಿಯನ್ನು ಭತ್ತದ ರೂಪದಲ್ಲೇ ಪಡೆಯುತ್ತಿದ್ದುದರಿಂದ ತಿಂಗಳುಗಟ್ಟಲೆ ಉಣ್ಣುವ ಕಾಳು ಸುಗ್ಗಿಯಲ್ಲೇ ಅವರ ಮನೆ ಸೇರುತ್ತಿತ್ತು. ಕೊಯ್ದ ಗದ್ದೆಯಲ್ಲಿ ಮುದುಕಿಯರೂ ಮಕ್ಕಳೂ ಹಕ್ಕಲು ಆಯುತ್ತಿದ್ದರು. ಮನೆಯ ಒಂದು ಎಮ್ಮೆಗೆ ನಾಲ್ಕು ಹೊರೆ ನೆಲ್ಲುಹುಲ್ಲನ್ನು ಯಾರೂ ಇಲ್ಲವೆನ್ನುತ್ತಿರಲಿಲ್ಲ. ಈಗ ಆಯಲು ತೆನೆ ಉಳಿಯುವುದಿಲ್ಲ. ತುಂಡಾಗಿ ಚೆಲ್ಲಿದ ಹುಲ್ಲನ್ನು ಮತ್ತೊಂದು ಯಂತ್ರ ಸುರುಳಿ ಸುತ್ತಿ ಮಾರಾಟಕ್ಕೆ ಒಯ್ಯುತ್ತದೆ, ಇಲ್ಲವೇ ಬೆಂಕಿಗೆ ಹೋಗುತ್ತದೆ. ಆ ಗುಂಪಿನ ಮನೆಗಳಲ್ಲಿ ಇಂದು ಹಲವಕ್ಕೆ ಬೀಗ ಬಿದ್ದಿದೆ. ಅವರು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗಿದ್ದಾರೆ. ನನ್ನ ಖರ್ಚು ಉಳಿದದ್ದು ಅವರ ಕೂಲಿಯಿಂದಲೇ ಎಂಬುದನ್ನು ನಾನು ಮರೆಯಲಾರೆ.

ಈ ಬದಲಾವಣೆಯನ್ನು ಬರೀ ಕಾಲದ ಮೇಲೆ ಹೊರಿಸುವಂತಿಲ್ಲ, ಏಕೆಂದರೆ ಇದರಲ್ಲಿ ಸಾರ್ವಜನಿಕ ಹಣವಿದೆ. ಕೃಷಿ ಯಾಂತ್ರೀಕರಣಕ್ಕೆ ಸಹಾಯಧನವಿದೆ, ಬಾಡಿಗೆಗೆ ಯಂತ್ರ ಕೊಡುವ ಕೃಷಿ ಯಂತ್ರಧಾರೆ ಕೇಂದ್ರಗಳಿವೆ, 2023–24ರ ರಾಜ್ಯ ಬಜೆಟ್‌ನಲ್ಲಿ ಕಟಾವು ಯಂತ್ರಗಳನ್ನು ಬಾಡಿಗೆಗೆ ಒದಗಿಸುವ ಹೈಟೆಕ್ ಹಾರ್ವೆಸ್ಟರ್ ಹಬ್‌ಗಳ ಘೋಷಣೆಯೂ ಆಗಿದೆ. ಸಹಾಯಧನಕ್ಕೆ ಅರ್ಜಿ ಹಾಕುವ ರೈತನಿಗೆ ಪಹಣಿ ಬೇಕು, ರೈತರ ವಿವರ ದಾಖಲಿಸುವ ಸರ್ಕಾರದ ಫ್ರೂಟ್ಸ್ ತಂತ್ರಾಂಶದಲ್ಲಿ ನೋಂದಣಿಯಾಗಿರಬೇಕು. ಪಹಣಿಯೇ ಇಲ್ಲದ ಕೂಲಿಕಾರಳು ಈ ಲೆಕ್ಕದಲ್ಲಿ ಎಲ್ಲಿಯೂ ಬರುವುದಿಲ್ಲ. ಯಂತ್ರದ ಬಾಡಿಗೆ ತಾಸಿಗೆ ಎಷ್ಟಿರಬೇಕೆಂದು ನಾವು ರೈತರು ಪ್ರತಿ ಸುಗ್ಗಿಯಲ್ಲೂ ಜಿಲ್ಲಾಡಳಿತದ ಬಾಗಿಲು ತಟ್ಟುತ್ತೇವೆ, ಅದು ನ್ಯಾಯವೇ. ಆದರೆ ಕೆಲಸ ಕಳೆದುಕೊಂಡವರ ಪರವಾಗಿ ನಾವು ಒಂದು ಮನವಿಯನ್ನೂ ಕೊಟ್ಟಿಲ್ಲ. ಕೈಯಿಂದ ಮಾಡುವಾಗ ಹೆಂಗಸರದಾಗಿದ್ದ ಕೆಲಸ ಯಂತ್ರ ಬಂದೊಡನೆ ಗಂಡಸರದಾಗುತ್ತದೆ. ಇಷ್ಟು ವರ್ಷಗಳಲ್ಲಿ ಕಟಾವು ಯಂತ್ರ ನಡೆಸುವ ಒಬ್ಬ ಹೆಣ್ಣುಮಗಳನ್ನೂ ನಾನು ಕಂಡಿಲ್ಲ.

ಇದು ಹೀಗೆಯೇ ಇರಬೇಕಾಗಿಲ್ಲ. 2023ರ ನವೆಂಬರ್‌ನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ನಮೋ ಡ್ರೋನ್ ದೀದಿ ಯೋಜನೆಯಲ್ಲಿ ದೇಶದ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಕೊಡಲು ಬೆಲೆಯ ಶೇ 80ರಷ್ಟು, ಗರಿಷ್ಠ 8 ಲಕ್ಷ ರೂಪಾಯಿಯ ನೆರವು ನಿಗದಿಯಾಗಿದೆ. ಔಷಧಿ ಸಿಂಪಡಿಸುವ ಡ್ರೋನ್ ಸಂಘದ ಆಸ್ತಿಯಾಗಬಹುದಾದರೆ ಭತ್ತದ ಕಟಾವು ಯಂತ್ರವೇಕೆ ಆಗಬಾರದು? ನಮ್ಮ ನಾಲಾ ಪ್ರದೇಶದ ಹಾರ್ವೆಸ್ಟರ್ ಹಬ್‌ಗಳಲ್ಲಿ ಒಂದಷ್ಟನ್ನು ಮಹಿಳಾ ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟಗಳಿಗೆ, ಅದರಲ್ಲೂ ಭೂರಹಿತ ಸದಸ್ಯರು ಹೆಚ್ಚಿರುವ ಒಕ್ಕೂಟಗಳಿಗೆ ವಹಿಸಿ, ಅವರ ಮನೆಯ ಹೆಣ್ಣುಮಕ್ಕಳಿಗೆ ಚಾಲನೆ ಮತ್ತು ದುರಸ್ತಿಯ ತರಬೇತಿ ಕೊಟ್ಟರೆ ನಾನು ತೆರುವ ಬಾಡಿಗೆ ನಮ್ಮೂರಿನಲ್ಲೇ ಉಳಿಯುತ್ತದೆ. ಇದಕ್ಕೆ ಸಮಯ ಹಿಡಿಯುತ್ತದೆ ಎಂಬುದು ನನಗೆ ಗೊತ್ತು. ಆದರೆ ಕೆಲಸ ನಿಲ್ಲಿಸುವ 60 ದಿನಗಳನ್ನು ಗೊತ್ತುಪಡಿಸುವುದು ರಾಜ್ಯ ಸರ್ಕಾರದ ಕೈಯಲ್ಲೇ ಇದೆ. ಆ ಆದೇಶ ಹೊರಡಿಸುವಾಗ ಯಂತ್ರದಿಂದಲೇ ಸುಗ್ಗಿ ನಡೆಯುವ ತುಂಗಭದ್ರಾ ನೀರಾವರಿ ಪ್ರದೇಶದ ಪಂಚಾಯಿತಿಗಳನ್ನು ಅದರಿಂದ ಹೊರಗಿಡಬೇಕೆಂದು ವಿನಂತಿಸುತ್ತೇನೆ.

– ಒಬ್ಬ ಭತ್ತ ಬೆಳೆಗಾರ, ಕಾರಟಗಿ ತಾಲ್ಲೂಕು, ಕೊಪ್ಪಳ ಜಿಲ್ಲೆ